ತೊದಲು, ಉಗ್ಗು ಮತ್ತು ‘ಶಬ್ದವಿಲ್ಲದ’ ಭಾಷೆ: 1939ರ ಐಯೊವಾ ಪ್ರಯೋಗದ ಮರುವಿಮರ್ಶೆ

ಮಾತಿನ ತೊಡಕುಗಳ ಅಧ್ಯಯನದ ಚರಿತ್ರೆಯಲ್ಲಿ ಅಮೆರಿಕದ ವೆಂಡೆಲ್ ಜಾನ್ಸನ್ (1906–1965) ಅವರ ಹೆಸರು ಎರಡು ಕಾರಣಗಳಿಂದ ಉಳಿದಿದೆ: ಒಂದು, ಉಗ್ಗುವಿಕೆಯನ್ನು ಕುರಿತ ಅವರ ಸಿದ್ಧಾಂತ, ಇನ್ನೊಂದು, ಅದನ್ನು ಪರೀಕ್ಷಿಸಲು 1939ರಲ್ಲಿ ಅನಾಥ ಮಕ್ಕಳ ಮೇಲೆ ನಡೆದ ಪ್ರಯೋಗ. ಈ ಪ್ರಯೋಗವನ್ನು ಸಾಮಾನ್ಯವಾಗಿ ಮನೋವಿಜ್ಞಾನದ ಸಂಶೋಧನಾ ನೀತಿಯ ಚರ್ಚೆಗಳಲ್ಲಿ ಎಚ್ಚರಿಕೆಯ ನಿದರ್ಶನವಾಗಿ ಉಲ್ಲೇಖಿಸಲಾಗುತ್ತದೆ. ಆದರೆ ಅಲ್ಲಿ ಪರೀಕ್ಷೆಗೊಳಗಾದುದು ಒಂದು ಶಬ್ದದ ಶಕ್ತಿ. ಆದಕಾರಣ ಭಾಷಾವಿಜ್ಞಾನವೂ ಇದನ್ನು ತನ್ನ ಚರಿತ್ರೆಯ ಭಾಗವೆಂದೇ ಪರಿಗಣಿಸಬೇಕೆಂಬುದು ನಮ್ಮ ಅಭಿಪ್ರಾಯ.

ಈ ಚರಿತ್ರೆಯನ್ನು ಕನ್ನಡದಲ್ಲಿ ಬರೆಯತೊಡಗಿದೊಡನೆ ಶಬ್ದದ ಆಯ್ಕೆ ಎದುರಾಗುತ್ತದೆ. ‘ತೊದಲು’ ಎಂಬುದು ಮಗುವಿನ ಮಾತಿನ ಸಹಜ ಘಟ್ಟ, ಹಿರಿಯರು ವಾತ್ಸಲ್ಯದಿಂದ ಕೇಳುವ ನುಡಿ. ‘ಉಗ್ಗು’ ಎಂಬುದು ಕೊರತೆ. ಬಳಕೆಯಲ್ಲಿ ಇವೆರಡರ ಗಡಿ ಸಡಿಲವಾಗಿದ್ದರೂ ಜಾನ್ಸನ್ ಅವರ ವಾದವನ್ನು ಹೇಳಲು ಈ ಜೋಡಿಯೇ ಸಾಕು. ತಂದೆತಾಯಿಗಳು ತೊದಲನ್ನು ಉಗ್ಗೆಂದು ಕರೆದಾಗ, ಆ ಕರೆಯುವಿಕೆಯಿಂದಲೇ ಉಗ್ಗು ಹುಟ್ಟುತ್ತದೆ ಎಂಬುದು ಅದರ ತಿರುಳು. ರೋಗವಿರುವುದು ಮಗುವಿನ ಬಾಯಲ್ಲಲ್ಲ, ಕೇಳುವವರ ಕಿವಿಯಲ್ಲಿ.

ಜಾನ್ಸನ್ ಸ್ವತಃ ಉಗ್ಗುವವರಾಗಿದ್ದರು. ಐಯೊವಾ ವಿಶ್ವವಿದ್ಯಾಲಯದ ವಾಕ್‌ಚಿಕಿತ್ಸಾ ವಿಭಾಗದಲ್ಲಿ ಸಂಶೋಧಕರು ತಾವೇ ಪ್ರಯೋಗಕ್ಕೆ ಒಡ್ಡಿಕೊಳ್ಳುವ ರೂಢಿಯಿತ್ತು. ಅವರೂ ಹಾಗೆ ಒಡ್ಡಿಕೊಂಡವರೇ. ಡ್ಯಾವೆನ್‌ಪೋರ್ಟ್ ಪಟ್ಟಣದ ಅನಾಥಾಲಯದ ಮಕ್ಕಳಿಗೆ ಅಂಥ ಆಯ್ಕೆಯಿರಲಿಲ್ಲ. ಜಾನ್ಸನ್ ಮಾರ್ಗದರ್ಶನದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ ಮೇರಿ ಟ್ಯೂಡರ್ ಅಲ್ಲಿನ 22 ಮಕ್ಕಳನ್ನು ಆರಿಸಿಕೊಂಡರು. ಹತ್ತು ಮಂದಿ ಉಗ್ಗುವವರೆಂದು ಮೊದಲೇ ಗುರುತಿಸಲ್ಪಟ್ಟಿದ್ದರು. ಉಳಿದ ಹನ್ನೆರಡು ಮಂದಿಯ ಮಾತು ಸಹಜವಾಗಿತ್ತು. ಈ ಹನ್ನೆರಡರಲ್ಲಿ ಆರು ಮಂದಿಗೆ, ನಿಮ್ಮ ಮಾತಿನಲ್ಲಿ ಉಗ್ಗಿನ ಲಕ್ಷಣಗಳಿವೆ, ಸರಿಯಾಗಿ ಆಡಲಾರಿರಾದರೆ ಆಡಲೇಬೇಡಿ ಎಂಬರ್ಥದ ಎಚ್ಚರಿಕೆಯನ್ನು ತಿಂಗಳುಗಳ ಕಾಲ ನೀಡಲಾಯಿತು. ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರಿಗೂ ಶಿಕ್ಷಕರಿಗೂ ಅದೇ ಸುಳ್ಳನ್ನು ಹೇಳಲಾಯಿತು.

ಸಿದ್ಧಾಂತದ ಪ್ರಕಾರ ಈ ಆರು ಮಕ್ಕಳು ಉಗ್ಗುವವರಾಗಬೇಕಿತ್ತು. ಪ್ರಬಂಧದ ದತ್ತಾಂಶವನ್ನು 2002ರಲ್ಲಿ ಮರುಪರಿಶೀಲಿಸಿದ ನಿಕೊಲಿನ್ ಆ್ಯಂಬ್ರೋಸ್ ಮತ್ತು ಎಹುದ್ ಯೈರಿ ಅವರು ಹಣೆಪಟ್ಟಿಯಿಂದ ಉಗ್ಗು ಉಂಟಾಯಿತೆನ್ನಲು ಆಧಾರವಿಲ್ಲವೆಂಬ ನಿರ್ಣಯಕ್ಕೆ ಬಂದರು. ಹಾಗೆಂದು ಮಕ್ಕಳಿಗೆ ಏನೂ ಆಗಲಿಲ್ಲವೆಂದಲ್ಲ. ಅವರು ಮಾತನಾಡಲು ಹಿಂಜರಿದರು, ಸಂಕೋಚದಿಂದ ಮುದುಡಿದರು. ಇದನ್ನು ಟ್ಯೂಡರ್ ಅವರೇ ದಾಖಲಿಸಿದ್ದಾರೆ. ಅಳತೆಗೆಂದು ಇಟ್ಟುಕೊಂಡಿದ್ದುದು ಆಡಿದ ಮಾತಿನ ನಿರರ್ಗಳತೆ. ಆಡದೆ ಉಳಿದ ಮಾತು ಆ ಅಳತೆಗೆ ಸಿಕ್ಕುವಂಥದಲ್ಲ. ವಿಧಾನದ ದೋಷ ಮತ್ತು ನೀತಿಯ ದೋಷಗಳನ್ನು ಬೇರೆಬೇರೆ ಅಧ್ಯಾಯಗಳಲ್ಲಿ ಚರ್ಚಿಸುವ ನಮ್ಮ ಪಠ್ಯಕ್ರಮದ ಅಭ್ಯಾಸ ಇಲ್ಲಿ ಸೋಲುತ್ತದೆ. ಮಗುವಿಗಾದ ಹಾನಿಯನ್ನು ಕಾಣದ ಮಾಪನವು ಪ್ರಯೋಗದ ನಿಜವಾದ ಫಲಿತಾಂಶವನ್ನೂ ಕಾಣಲಿಲ್ಲ.

ಪ್ರಯೋಗ ಮುಗಿದ ಮೇಲೆ ಟ್ಯೂಡರ್ ಅನಾಥಾಲಯಕ್ಕೆ ಮತ್ತೆ ಹೋಗಿ ಮಕ್ಕಳನ್ನು ಸಮಾಧಾನಪಡಿಸಲು ಯತ್ನಿಸಿದರು. ಜಾನ್ಸನ್ ಮಾತ್ರ ಆ ಅಧ್ಯಯನವನ್ನು ಪ್ರಕಟಿಸಲೇ ಇಲ್ಲ. ಪ್ರಬಂಧ ಗ್ರಂಥಾಲಯದಲ್ಲಿ ಉಳಿಯಿತು. ಅದನ್ನು ಬಲ್ಲವರ ನಡುವೆ ‘ರಾಕ್ಷಸ ಅಧ್ಯಯನ’ ಎಂಬ ಅಡ್ಡಹೆಸರು ಹುಟ್ಟಿತು. 2001ರಲ್ಲಿ ಪತ್ರಿಕಾ ವರದಿಯೊಂದರಿಂದ ವಿಷಯ ಸಾರ್ವಜನಿಕವಾದಾಗ ವಿಶ್ವವಿದ್ಯಾಲಯ ಕ್ಷಮೆ ಯಾಚಿಸಿತು. 2007ರಲ್ಲಿ ಐಯೊವಾ ರಾಜ್ಯ ಒಂಬತ್ತು ಲಕ್ಷ ಡಾಲರಿಗೂ ಮಿಗಿಲಾದ ಪರಿಹಾರಕ್ಕೆ ಒಪ್ಪಿತು. ಅಮೆರಿಕದ ಮನೋವಿಜ್ಞಾನ ಸಂಘದ ಮೊದಲ ನೀತಿಸಂಹಿತೆ ಬಂದುದು 1953ರಲ್ಲಿ. ಆದ್ದರಿಂದ ಅಂದು ನಿಯಮವಿರಲಿಲ್ಲವೆಂದು ಸಮಾಧಾನ ಹೇಳುವುದುಂಟು. ಪ್ರಕಟಿಸಲು ಅಂಜಿದವರಿಗೆ ನಿಯಮದ ಅರಿವು ಬೇಕಿರಲಿಲ್ಲವೆಂಬುದನ್ನು ಈ ಸಮಾಧಾನ ಮರೆಯುತ್ತದೆ.

ಮುಚ್ಚಿಟ್ಟುದರ ಬೆಲೆಯನ್ನು ತೆತ್ತವರಲ್ಲಿ ಆ ಪ್ರಯೋಗವನ್ನು ಎಂದೂ ಕೇಳದವರೂ ಇದ್ದರು. ಸಿದ್ಧಾಂತಕ್ಕೆ ಪ್ರತಿಕೂಲವಾದ ಸಾಕ್ಷ್ಯ ಕಪಾಟಿನಲ್ಲಿದ್ದಾಗ ಸಿದ್ಧಾಂತವು ದಶಕಗಳ ಕಾಲ ಮೆರೆಯಿತು. ಉಗ್ಗುವ ಮಕ್ಕಳ ತಂದೆತಾಯಿಗಳು ತಮ್ಮ ಕಿವಿಯೇ ಮಗುವನ್ನು ಕೆಡಿಸಿತೆಂದು ನಂಬಬೇಕಾಯಿತು.

ಅದೇ ಅವಧಿಯಲ್ಲಿ ಅನುಕೂಲವಾದ ಸಾಕ್ಷ್ಯ ಅಚ್ಚಾಗುತ್ತಿತ್ತು. ಐಡಹೊ ಪ್ರದೇಶದ ಬ್ಯಾನಕ್ ಮತ್ತು ಶೊಶೋನಿ ಮೂಲನಿವಾಸಿಗಳ ಭಾಷೆಗಳಲ್ಲಿ ಉಗ್ಗಿಗೆ ಶಬ್ದವೇ ಇಲ್ಲ, ಅದಕ್ಕೇ ಅವರಲ್ಲಿ ಉಗ್ಗುವವರಿಲ್ಲ ಎಂದು ಜಾನ್ಸನ್ 1944ರಲ್ಲಿ ಬರೆದರು. ಅನಾಥಾಲಯದಲ್ಲಿ ಶಬ್ದವನ್ನು ಕೊಟ್ಟು ನೋಡಿದ್ದಾಯಿತು. ಇಲ್ಲಿ ಶಬ್ದವಿಲ್ಲದ ಸಮುದಾಯವೇ ದೊರೆತಂತಾಯಿತು. ಭಾಷೆಯೇ ಅನುಭವವನ್ನು ಕಡೆಯುತ್ತದೆಂಬ ವಿಚಾರ ಆಕರ್ಷಕವಾಗಿದ್ದ ಕಾಲವದು. ಜಾನ್ಸನ್ ಸಾಮಾನ್ಯ ಶಬ್ದಾರ್ಥಶಾಸ್ತ್ರದ ಅನುಯಾಯಿಯೂ ಆಗಿದ್ದರು.

ಕ್ಷೇತ್ರಕಾರ್ಯ ಮಾಡಿದ ಯಾರಿಗೂ ಇಂಥ ನಿಷೇಧಾತ್ಮಕ ದತ್ತಾಂಶದ ಕಷ್ಟ ಗೊತ್ತು. ‘ಆ ಶಬ್ದ ನಮ್ಮಲ್ಲಿಲ್ಲ’ ಎಂಬುದು ಒಬ್ಬ ವಕ್ತೃ ಒಬ್ಬ ಹೊರಗಿನವರಿಗೆ ಒಂದು ಸಂದರ್ಭದಲ್ಲಿ ನೀಡಿದ ಉತ್ತರ. ಪ್ರಶ್ನೆ ಅರ್ಥವಾಗದಿರಬಹುದು, ಹೇಳಲು ಮನಸ್ಸಿಲ್ಲದಿರಬಹುದು, ಕೇಳಿದ ಪರಿಕಲ್ಪನೆಯನ್ನು ಭಾಷೆ ಹಲವು ಶಬ್ದಗಳಲ್ಲಿ ಹಂಚಿಕೊಂಡಿರಬಹುದು. ಉತ್ತರವನ್ನು ಭಾಷೆಯ ಲಕ್ಷಣವೆಂದು ಬರೆದುಕೊಳ್ಳುವಲ್ಲಿ ಸಮುದಾಯದ ಕುರಿತಾದ ಉದಾಸೀನವೂ ಅಡಗಿದೆ. ಅನಾಥ ಮಕ್ಕಳಂತೆಯೇ ಈ ಜನರೂ ಸಿದ್ಧಾಂತದ ಉಪಕರಣವಾದರು, ದೈಹಿಕ ಹಾನಿ ಯಾವುದೂ ಇಲ್ಲದೆ.

1983ರಲ್ಲಿ ಜೆರಾಲ್ಡ್ ಜಿಮ್ಮರ್‌ಮನ್ ಮತ್ತು ಸಂಗಡಿಗರು ಅದೇ ಸಮುದಾಯಗಳನ್ನು ಕುರಿತ ಲೇಖನವೊಂದನ್ನು ಪ್ರಕಟಿಸಿದರು. ಲೇಖಕರಲ್ಲಿ ಒಬ್ಬರಾದ ಸ್ವೆನ್ ಲಿಲ್ಯೆಬ್ಲಾಡ್ ಆ ಜನರ ಭಾಷೆಗಳನ್ನು ದಶಕಗಳ ಕಾಲ ಅಭ್ಯಸಿಸಿದವರು. ಉಗ್ಗುವಿಕೆಗೆ ಅಲ್ಲಿ ಶಬ್ದಗಳಿದ್ದವು, ಒಂದಲ್ಲ, ಹಲವು, ಉಗ್ಗುವವರೂ ಇದ್ದರು.