ದೂರದ ಗೆಳೆಯರ ಆಟ

ಆಟವೆಂದರೆ ಎದುರುಬದುರಾಗಿ ಕುಳಿತು ಆಡತಕ್ಕದ್ದೆಂಬುದು ಸಾಮಾನ್ಯವಾದ ಭಾವನೆ. ಆದರೆ ಜೊತೆಗಾರನ ಮುಖವನ್ನೇ ಕಾಣದೆ ಆಡುವ ಪದ್ಧತಿಗೂ ಎರಡು ಶತಮಾನಗಳ ಇತಿಹಾಸವುಂಟು. ಬೇರೆ ಬೇರೆ ದೇಶಗಳಲ್ಲಿರುವ ಗೆಳೆಯರು ಗಣಕಯಂತ್ರದ ಮುಂದೆ ಕುಳಿತು, ಒಬ್ಬನು ವೀರನಾಗಿ, ಇನ್ನೊಬ್ಬಳು ಮಾಂತ್ರಿಕಳಾಗಿ, ಒಂದೇ ಕಥೆಯೊಳಗೆ ಸಂಚರಿಸುವ ಇಂದಿನ ಪಾತ್ರಧಾರಣೆಯ ಆಟವು ಆ ಇತಿಹಾಸದ ಇತ್ತೀಚಿನ ಅಧ್ಯಾಯ.

ಇದರ ಮೂಲಗಳು ಎರಡು. ಎರಡೂ 1824ನೆಯ ಇಸವಿಗೆ ಸೇರಿದವಾಗಿರುವುದು ಕಾಕತಾಳೀಯ. ಆ ವರ್ಷ ಎಡಿನ್‌ಬರೋ ಮತ್ತು ಲಂಡನ್ ನಗರಗಳ ಚದುರಂಗ ಸಂಘಗಳು ಅಂಚೆಯ ಮೂಲಕ ಪಂದ್ಯ ಹೂಡಿದವು. 1828ರಲ್ಲಿ ಅದು ಮುಗಿದಾಗ ಗೆಲುವು ಎಡಿನ್‌ಬರೋಗೆ ಸಂದಿತ್ತು. ನಮ್ಮ ದೇಶದಲ್ಲಿ ಹುಟ್ಟಿ, ಪಾರಸಿಕರ ಮೂಲಕ ಪಶ್ಚಿಮಕ್ಕೆ ಹೋದ ಈ ಆಟದಲ್ಲಿ ದಾಳವಿಲ್ಲ, ಮರೆಯಿಲ್ಲ. ಆದುದರಿಂದ ಕಾಗದದ ಮೇಲೆ ಸುಸೂತ್ರವಾಗಿ ಸಾಗಿತು.

ಅದೇ ವರ್ಷ ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ ಎಂಬಾತನು ಯುದ್ಧಕ್ರೀಡೆಯೊಂದರ ನಿಯಮಗಳನ್ನು ಪ್ರಕಟಿಸಿದನು. ಅದರಲ್ಲಿ ದಾಳವುಂಟು. ಅದಕ್ಕಿಂತ ಮುಖ್ಯವಾಗಿ, ಉಭಯ ಪಕ್ಷಗಳ ಗುಟ್ಟನ್ನೂ ಬಲ್ಲ ಮಧ್ಯಸ್ಥನೊಬ್ಬನುಂಟು. ಆಟಗಾರರು ಅಪ್ಪಣೆ ಬರೆದುಕೊಡುವರು. ಫಲವನ್ನು ಅವನು ತಿಳಿಸುವನು.

ಈ ಎರಡು ಹೊಳೆಗಳು ಕೂಡಿದ್ದು ಅಮೆರಿಕದಲ್ಲಿ. 1959ರಲ್ಲಿ ಅಲನ್ ಕ್ಯಾಲ್ಹ್ಯಾಮರ್ ಎಂಬವರು ಸಂಧಿವಿಗ್ರಹಗಳನ್ನೇ ಆಟವಾಗಿಸಿದ 'ಡಿಪ್ಲೊಮಸಿ'ಯನ್ನು ಹೊರತಂದರು. 1963ರಲ್ಲಿ ಜಾನ್ ಬೋರ್ಡ್‌ಮನ್ ಎಂಬವರು ಅದನ್ನು ಅಂಚೆಗೆ ಹತ್ತಿಸಿದರು. ಆಟಗಾರರ ಅಪ್ಪಣೆಗಳನ್ನು ತರಿಸಿಕೊಂಡು, ಫಲವನ್ನು ತಮ್ಮ ಕಿರುಪತ್ರಿಕೆಯಲ್ಲಿ ಅಚ್ಚುಮಾಡಿ ಎಲ್ಲರಿಗೂ ಕಳುಹಿಸುತ್ತಿದ್ದರು.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಇಲ್ಲಿ ಆಟಗಾರನು ಸೇನೆಯನ್ನು ನಡೆಸುವುದಿಲ್ಲ. ತಾನೇ ಒಂದು ಪಾತ್ರವಾಗುತ್ತಾನೆ. ಮಧ್ಯಸ್ಥನು ಕಥೆ ಹೇಳುವವನಾಗುತ್ತಾನೆ. ನಮ್ಮ ಕರಾವಳಿಯ ತಾಳಮದ್ದಳೆಯನ್ನು ಕೇಳಿದವರಿಗೆ ಇದು ತೀರ ಹೊಸದೆನಿಸದು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲಿಯೇ ಆಶುವಾದ ಮಾತಿನಿಂದ ಕರ್ಣರೂ ಕೃಷ್ಣರೂ ಆಗುತ್ತಾರೆ. ಭೇದವಿಷ್ಟೆ: ಅಲ್ಲಿ ಕಥೆಯ ಕೊನೆ ಎಲ್ಲರಿಗೂ ಗೊತ್ತು, ಇಲ್ಲಿ ದಾಳ ಬೀಳುವ ತನಕ ಯಾರಿಗೂ ಗೊತ್ತಿಲ್ಲ.

ಮಾತಿಗೆ ಮಾತು ಕೂಡಲೇ ಬೇಕಾದ ಇಂಥ ಆಟಕ್ಕೆ ಅಂಚೆಯು ತೀರ ನಿಧಾನ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಗಣಕದೊಳಗೆ ಒಂದು ಕಲ್ಪಿತ ಲೋಕವನ್ನು ಕಟ್ಟಿ ಹಲವರು ಒಟ್ಟಿಗೆ ಅದರಲ್ಲಿ ಸಂಚರಿಸುವಂತೆ ಮಾಡಿದನು. ಆದರೆ ಅಲ್ಲಿ ಮಧ್ಯಸ್ಥನ ಸ್ಥಾನದಲ್ಲಿ ಯಂತ್ರವಿತ್ತು. ಮನುಷ್ಯನ ದನಿಯೇ ಅಂತರ್ಜಾಲದಲ್ಲಿ ಸುಲಭವಾಗಿ ಹರಿಯತೊಡಗಿದ ಮೇಲೆ ಈ ಕೊರತೆ ನೀಗಿತು. ಕಾಲೇಜಿನ ದಿನಗಳ ಕೂಟವು ದೂರದ ದೆಸೆಯಿಂದ ಮುರಿಯಬಾರದೆಂದು ಅಮೆರಿಕದ ಕೆಲವು ಗೆಳೆಯರು 2012ರಲ್ಲಿ 'ರೋಲ್ ಟ್ವೆಂಟಿ' ಎಂಬ ಜಾಲತಾಣವನ್ನು ಏರ್ಪಡಿಸಿದರು. 2020ರ ಮಹಾಮಾರಿಯಲ್ಲಿ ಮನೆಯ ಬಾಗಿಲುಗಳು ಮುಚ್ಚಿದಾಗ, ಒಂದೇ ಊರಿನ ಗೆಳೆಯರೂ ಇಂಥ ತಾಣಗಳಲ್ಲಿ ಕೂಡಬೇಕಾಯಿತು.

ಉಳಿದದ್ದು ದಾಳದ ಪ್ರಶ್ನೆ. ಶಕುನಿಯ ಕಥೆಯನ್ನು ಬಲ್ಲ ನಮಗೆ ಅದು ಸಣ್ಣದಲ್ಲ. ಕಾಣದ ಕೋಣೆಯಲ್ಲಿ ಗೆಳೆಯನು ಎಸೆದ ದಾಳವನ್ನು ನಂಬುವುದು ಹೇಗೆ? ಯಂತ್ರವೇ ಎಲ್ಲರ ಕಣ್ಣೆದುರು ದಾಳ ಹಾಕುವ ಅನುಕೂಲ ಈಗ ಉಂಟು. ಆದರೂ ತಮ್ಮ ಮೇಜಿನ ಮೇಲೆಯೇ ದಾಳ ಎಸೆದು, ಬಿದ್ದ ಸಂಖ್ಯೆಯನ್ನು ಬಾಯಿಂದಲೇ ಹೇಳುವ ಕೂಟಗಳೂ ಇವೆ. ಅಲ್ಲಿ ಉಳಿದವರು ಆ ಮಾತನ್ನು ಒಪ್ಪಿಕೊಂಡು ಕಥೆಯನ್ನು ಮುಂದುವರಿಸುತ್ತಾರೆ. ಒಪ್ಪದ ದಿನ ಆಟವೂ ಇಲ್ಲ, ಕೂಟವೂ ಇಲ್ಲ.