ಶಾಲೆ ಇರೋ ಭಾಷೆ, ಮನೆ ಇರೋ ಭಾಷೆ

2024ರ ಅಕ್ಟೋಬರ್ 3. ಕೇಂದ್ರ ಸಂಪುಟ ಐದು ಭಾಷೆಗಳಿಗೆ ಶಾಸ್ತ್ರೀಯ ಸ್ಥಾನಮಾನ ಕೊಡ್ತು. ಮರಾಠಿ, ಬಂಗಾಳಿ, ಅಸ್ಸಾಮಿ, ಪಾಲಿ, ಪ್ರಾಕೃತ. ಸ್ಟುಡಿಯೋದಲ್ಲಿ ನಾನು ಅದನ್ನು ಓದಿದ್ದು ಇಪ್ಪತ್ತೇ ಸೆಕೆಂಡ್. ಚರ್ಚೆ ಆಗಿದ್ದೆಲ್ಲಾ ಮರಾಠಿ ಬಗ್ಗೆ. ಆ ಕೊನೆಯ ಹೆಸರಿನ ಭಾಷೆಗೆ ನಮ್ಮ ಹಾಸನ ಜಿಲ್ಲೆಯಲ್ಲೇ ಒಂದು ಶಾಲೆ ಇದೆ ಅನ್ನೋದು ನನಗೆ ನೆನಪಾಗಿದ್ದು ಮನೆಗೆ ಹೋಗುವಾಗ!

ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳ. ನಾವೆಲ್ಲಾ ಬೆಟ್ಟ ಹತ್ತುತ್ತೇವೆ, ಗೊಮ್ಮಟನ ಮುಂದೆ ಫೋಟೋ ತೆಗೆಸಿಕೊಳ್ಳುತ್ತೇವೆ, ಎಳನೀರು ಕುಡಿದು ವಾಪಸ್ ಬಸ್ ಹತ್ತುತ್ತೇವೆ. ಅಲ್ಲೇ ಧವಲತೀರ್ಥದಲ್ಲಿರುವ ರಾಷ್ಟ್ರೀಯ ಪ್ರಾಕೃತ ಅಧ್ಯಯನ ಮತ್ತು ಸಂಶೋಧನ ಸಂಸ್ಥೆ ಕಡೆ ಎಷ್ಟು ಜನ ಹೋಗಿದ್ದೀರಿ? ನಾನಂತೂ ವಿದ್ಯಾರ್ಥಿಯಾಗಿದ್ದಾಗ ಹೋಗಿರಲಿಲ್ಲ.

ಹೆಸರಿನಲ್ಲಿ ‘ರಾಷ್ಟ್ರೀಯ’ ಅಂತಿದ್ದರೂ ಇದನ್ನು ಕಟ್ಟಿದ್ದು ಸರ್ಕಾರ ಅಲ್ಲ, ಮಠ. 1970ರಲ್ಲಿ ಪೀಠಕ್ಕೆ ಬಂದು 2023ರ ಮಾರ್ಚ್‌ವರೆಗೂ ಇದ್ದ ಚಾರುಕೀರ್ತಿ ಭಟ್ಟಾರಕ ಸ್ವಾಮೀಜಿಯವರ ಕನಸು ಅದು. ಪ್ರಾಕೃತ ಇಲ್ಲಿಗೆ ಹೊಸದೇನಲ್ಲ ಬಿಡಿ. ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ತಾನು ಕನ್ನಡದಲ್ಲಿ ಪುರಾಣ ಬರೆದ. ಅವನ ಗುರು ನೇಮಿಚಂದ್ರರು ‘ಗೊಮ್ಮಟಸಾರ’ ಬರೆದಿದ್ದು ಪ್ರಾಕೃತದಲ್ಲಿ.

ಆದರೆ ನನಗೆ ಕುತೂಹಲ ಹುಟ್ಟಿಸಿದ್ದು ‘ಧವಲಾ’ ಕಥೆ. ವೀರಸೇನಾಚಾರ್ಯರು 9ನೇ ಶತಮಾನದಲ್ಲಿ ಪ್ರಾಕೃತ, ಸಂಸ್ಕೃತ ಬೆರೆಸಿ ಬರೆದ ಬೃಹತ್ ವ್ಯಾಖ್ಯಾನ ಇದು. ಇದರ ತಾಳೆಗರಿಗಳು ಉಳಿದಿದ್ದು ಮೂಡಬಿದಿರೆಯಲ್ಲಿ, ಅದೂ ಹಳಗನ್ನಡ ಲಿಪಿಯಲ್ಲಿ. ಶತಮಾನಗಳ ಕಾಲ ಭಕ್ತರಿಗೆ ಅದು ದರ್ಶನಕ್ಕೆ ಮಾತ್ರ. ಕೈ ಮುಗಿಯಬಹುದಿತ್ತು, ಓದೋ ಹಾಗಿರಲಿಲ್ಲ! ಕೊನೆಗೆ ಪ್ರತಿ ಮಾಡೋ ಕೆಲಸ ಶುರುವಾಗಿದ್ದು 19ನೇ ಶತಮಾನದ ಕೊನೆಯಲ್ಲಿ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಗಿದ್ದು 1939ರಲ್ಲಿ, ಮುಗಿದಿದ್ದು 1958ರಲ್ಲಿ. ಒಟ್ಟು 16 ಸಂಪುಟ. ತಮಾಷೆ ನೋಡಿ, ಕನ್ನಡ ಲಿಪಿ ಕಾಪಾಡಿದ ಗ್ರಂಥ ಹೊರಗೆ ಬಂದಿದ್ದು ಹಿಂದಿ ಅನುವಾದದ ಜೊತೆ. ಅದನ್ನು ಕನ್ನಡಕ್ಕೆ ತರೋ ಕೆಲಸಕ್ಕೆ ಬೆಳಗೊಳದ ಈ ಸಂಸ್ಥೆ ಕೈ ಹಾಕಿತು. ಪ್ರಾಕೃತ ಕಲಿಸೋ ಕೋರ್ಸ್‌ಗಳನ್ನೂ ನಡೆಸಿತು. ಬೀಗ ಹಾಕಿದ್ದೂ ಸಮುದಾಯವೇ, ತೆಗೆದಿದ್ದೂ ಸಮುದಾಯವೇ.

ಸರಿ, ಪ್ರಾಕೃತಕ್ಕೆ ಶಾಲೆ ಇದೆ. ಆದರೆ ಮನೇಲಿ ಅದನ್ನು ಮಾತಾಡೋರು ಯಾರೂ ಇಲ್ಲ. ಇದೇ ಜಿಲ್ಲೆಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಕೇಸ್ ಒಂದಿದೆ. ಸಂಕೇತಿ.

ಇಂಜಿನಿಯರಿಂಗ್ ಓದುವಾಗ ನನ್ನ ರೂಮ್‌ಮೇಟ್ ಹಾಸನದ ಪಕ್ಕದ ಕೌಶಿಕದವನು. ಅಮ್ಮನ ಫೋನ್ ಬಂದರೆ ತಮಿಳೂ ಅಲ್ಲದ, ಮಲಯಾಳವೂ ಅಲ್ಲದ, ಮಧ್ಯೆ ಮಧ್ಯೆ ಅಚ್ಚ ಹಾಸನದ ಕನ್ನಡ ಬರೋ ಮಾತು. ನಾವು ಒಳಗೆ ಬಂದರೆ ದನಿ ಇಳಿಸ್ತಿದ್ದ. ಶೆಂಕೋಟೆ ಕಡೆಯಿಂದ ಶತಮಾನಗಳ ಹಿಂದೆ ಹಿರಿಯರು ವಲಸೆ ಬಂದರು ಅಂತ ಸಂಕೇತಿಗಳು ಹೇಳ್ತಾರೆ. ಭಾಷೆಗೆ ಸ್ವಂತ ಲಿಪಿ ಇಲ್ಲ. ಬರೆಯೋದಾದರೆ ಕನ್ನಡದಲ್ಲೇ. ಅರಕಲಗೂಡು ತಾಲೂಕಿನ ರುದ್ರಪಟ್ಟಣವೂ ಅವರದೇ ಊರು. ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು. ಅಲ್ಲಿ ಸಂಗೀತ ತಲೆಮಾರಿನಿಂದ ತಲೆಮಾರಿಗೆ ಪಾಠವಾಗಿ ದಾಟಿತು. ಭಾಷೆ ಮಾತ್ರ ಅಡುಗೆಮನೆಯಲ್ಲೇ ಉಳೀತು.

ಅಮೆರಿಕದಲ್ಲಿ ಓಜಿಬ್ವೆ ಅನ್ನೋ ಮೂಲನಿವಾಸಿಗಳಿದ್ದಾರೆ. ಒಂದು ಕಾಲಕ್ಕೆ ಅವರ ಮಕ್ಕಳನ್ನು ವಸತಿ ಶಾಲೆಗೆ ಹಾಕಿ, ತಾಯ್ನುಡಿ ಆಡಿದರೆ ಶಿಕ್ಷೆ ಕೊಡ್ತಿದ್ದರು. ಮನೆಗಳಲ್ಲಿ ಭಾಷೆ ನಿಂತೇ ಹೋಗ್ತಾ ಬಂತು. ವಿಸ್ಕಾನ್ಸಿನ್ ರಾಜ್ಯದಲ್ಲಿ 2000ನೇ ಇಸವಿಯಲ್ಲಿ ಆ ಜನ ತಾವೇ ಒಂದು ಶಾಲೆ ತೆರೆದರು. ಪಾಠವೆಲ್ಲಾ ಓಜಿಬ್ವೆಯಲ್ಲೇ. ಹೆಸರು ‘ವಾಡೂಕೊಡಾಡಿಂಗ್’, ಒಬ್ಬರಿಗೊಬ್ಬರು ನೆರವಾಗೋ ಜಾಗ ಅಂತ ಅರ್ಥ.

ಇದನ್ನು ನನ್ನ ಹಳೇ ರೂಮ್‌ಮೇಟ್‌ಗೆ ಫೋನ್‌ನಲ್ಲಿ ಹೇಳಿದೆ. ಅವನ ಮಗಳು ಬೆಂಗಳೂರಲ್ಲಿ ಓದ್ತಾಳೆ. ಅಜ್ಜಿ ಸಂಕೇತಿಯಲ್ಲಿ ಕೇಳಿದರೆ ಇಂಗ್ಲಿಷಲ್ಲಿ ಉತ್ತರ ಕೊಡ್ತಾಳಂತೆ. ‘ಭಾನುವಾರ ಒಂದು ಗಂಟೆ ಪಾಠ ಇಡ್ರೋ, ನಾಲ್ಕು ಮನೆ ಮಕ್ಕಳನ್ನ ಸೇರಿಸಿ’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

‘ಇಡಬಹುದು ಕಣೋ. ಹೇಳಿಕೊಡಬೇಕಾದೋರು ನಮ್ಮಮ್ಮ. ಅವರಿಗೀಗ ಎಪ್ಪತ್ತೆಂಟು’ ಅಂದ.