ಹೊಸಪೇಟೆ ಹುಟ್ಟಿದ್ದು ಪ್ರೀತಿಗಾ, ಟ್ಯಾಕ್ಸಿಗಾ?

ಭಾಗ 1

ಇಂಗ್ಲಿಷಲ್ಲಿ ಒಂದು ಥರದ ಲವ್ ಸ್ಟೋರಿ ಪುಸ್ತಕ ಬರ್ತಾವ ನೋಡ್ರಿ. ಅಮೆರಿಕಾದ ಬಯಲು, ಒಂದು ಮರದ ಮನೆ, ಎರಡು ಕುದುರೆ. ಸರ್ಕಾರ ಕೊಟ್ಟ ಪುಕ್ಕಟೆ ಜಮೀನಲ್ಲಿ ಬೇಸಾಯ ಮಾಡೋಕೆ ಬಂದ ಹುಡುಗ, ದೂರದ ಊರಿಂದ ಬಂದ ಹುಡುಗಿ. ಮೊದಲು ಜಗಳ, ಆಮೇಲೆ ಮಳೆ, ಕೊನೆಗೆ ಮದುವೆ. ನನಗೂ ಇಷ್ಟನೇ, ಸುಳ್ಳು ಯಾಕೆ ಹೇಳ್ಲಿ.

ಆ ಪುಕ್ಕಟೆ ಜಮೀನು ಮಾತ್ರ ಕಥೆ ಅಲ್ಲ, ನಿಜ. 1862ರಲ್ಲಿ ಅಬ್ರಹಾಂ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ 160 ಎಕರೆ ಸಿಗ್ತಿತ್ತು. ಶರತ್ತು ಏನಂದ್ರೆ 5 ವರ್ಷ ಅಲ್ಲೇ ಮನೆ ಕಟ್ಟಿಕೊಂಡು ಸಾಗುವಳಿ ಮಾಡಬೇಕು. ಮದುವೆ ಆಗದ ಹೆಂಗಸರೂ ಅರ್ಜಿ ಹಾಕಬಹುದಿತ್ತು. ಆ ನೆಲ ಮೊದಲು ಅಲ್ಲಿನ ಮೂಲನಿವಾಸಿಗಳದ್ದು ಅನ್ನೋದನ್ನ ಲವ್ ಸ್ಟೋರಿಗಳು ಜಾಸ್ತಿ ಹೇಳಲ್ಲ.

ಈಗ ವಿಷಯಕ್ಕೆ ಬರ್ತೀನಿ. ಇದಕ್ಕಿಂತ ಮುನ್ನೂರು ವರ್ಷ ಮೊದಲೇ ಇಂಥದ್ದೇ ಒಂದು ಸ್ಕೀಮು, ಜೊತೆಗೊಂದು ಲವ್ ಸ್ಟೋರಿ, ಎರಡೂ ಸೇರಿ ಒಂದು ಊರಾಗಿದೆ. ಆ ಊರ ಬಸ್‌ಸ್ಟ್ಯಾಂಡಲ್ಲಿ ನೀವು ದಿನಾ ನಿಂತಿರ್ತೀರಿ.

ಭಾಗ 2

ಸುಮಾರು 1520ರಲ್ಲಿ ಡೊಮಿಂಗೊ ಪಾಯೆಸ್ ಅನ್ನೋ ಪೋರ್ಚುಗೀಸ್ ಪ್ರವಾಸಿ ಈ ಕಡೆ ಬಂದ. ಆಗ ಕೃಷ್ಣದೇವರಾಯ ಹಂಪಿಯಲ್ಲಿ ಇರಲಿಲ್ಲ, ಪಕ್ಕದಲ್ಲೇ ತಾನು ಕಟ್ಟಿಸ್ತಿದ್ದ ಹೊಸ ಊರಲ್ಲಿದ್ದ. ಪಾಯೆಸ್ ತನ್ನ ಬರಹದಲ್ಲಿ ಅದನ್ನ 'ಹೊಸ ನಗರ' ಅಂತಲೇ ಕರೀತಾನೆ. ಐನೂರು ವರ್ಷ ಆಯ್ತು, ನಾವಿನ್ನೂ ಹೊಸ ಪೇಟೆ ಅಂತಾನೇ ಅಂತೀವಿ. ಹಳೇದಾಗೋಕೆ ಮನಸ್ಸೇ ಇಲ್ಲ ಈ ಊರಿಗೆ.

ಊರಿನ ಅಸಲಿ ಹೆಸರು ನಾಗಲಾಪುರ. ರಾಜ ತನ್ನ ಹೆಂಡತಿ ಮೇಲಿನ ಪ್ರೀತಿಗೆ ಕಟ್ಟಿಸಿದ್ದು, ಅವಳ ಹೆಸರನ್ನೇ ಇಟ್ಟಿದ್ದು ಅಂತ ಪಾಯೆಸ್ ಬರೀತಾನೆ.

ಪೂರ್ತಿ ಕಥೆ ಸಿಗೋದು ಫೆರ್ನಾವೊ ನುನಿಜ್ ಹತ್ರ. ಇವನೂ ಪೋರ್ಚುಗೀಸಿನವನೇ, ಕುದುರೆ ವ್ಯಾಪಾರಿ. ಬರೆದಿದ್ದು 1535ರ ಆಸುಪಾಸು, ಅಂದ್ರೆ ರಾಯ ತೀರಿಕೊಂಡ ಮೇಲೆ. ಅವನು ಹೇಳೋದು ಹಿಂಗೈತೆ:

ಕೃಷ್ಣದೇವರಾಯ ಇನ್ನೂ ರಾಜ ಆಗಿರಲಿಲ್ಲ, ಹುಡುಗ. ಚಿನ್ನಾದೇವಿ ಅನ್ನೋ ಗಣಿಕೆ ಮೇಲೆ ಮನಸ್ಸು. 'ನಾನು ರಾಜ ಆದ್ರೆ ನಿನ್ನೇ ಮದುವೆ ಆಗ್ತೀನಿ' ಅಂತ ಮಾತು ಕೊಟ್ಟಿದ್ದ, ಅದೂ ತಮಾಷೆಗೆ. ಆಗ ಸಿಂಹಾಸನದ ಮೇಲೆ ಇದ್ದವನು ಅಣ್ಣ, ಇವನಿಗೆ ಚಾನ್ಸ್ ಬರುತ್ತೆ ಅಂತ ಯಾರು ಅಂದುಕೊಂಡಿರ್ತಾರೆ? 1509ರಲ್ಲಿ ಇವನೇ ರಾಜ ಆಗಿಬಿಟ್ಟ.

ರಾಜ ಆದ ಮೇಲೂ ಅವಳನ್ನ ಮರೀಲಿಲ್ಲ. ರಾತ್ರಿ ಅರಮನೆಯಿಂದ ಗುಟ್ಟಾಗಿ ಹೊರಬಿದ್ದು ಅವಳ ಮನೆಗೆ ಹೋಗ್ತಿದ್ದ. ಒಂದಿನ ಮಂತ್ರಿ ಸಾಳುವ ತಿಮ್ಮರಸು ಹಿಂದಿಂದೆ ಬಂದು ನೋಡಿ, ಅವಳ ಮನೇಲೇ ಹಿಡಿದು, ಚೆನ್ನಾಗಿ ಬೈದು ವಾಪಸ್ ಕರ್ಕೊಂಡು ಬಂದ. ದಕ್ಷಿಣ ಭಾರತದ ಅತಿ ದೊಡ್ಡ ರಾಜ, ಹಾಸ್ಟೆಲ್ ಗೋಡೆ ಹಾರಿದ ಹುಡುಗನ ಥರ ವಾರ್ಡನ್ ಮುಂದೆ ನಿಂತಿದ್ದು ನೆನೆಸ್ಕೊಳ್ರಿ!

ಆದ್ರೆ ರಾಯ ಜಗ್ಗಲಿಲ್ಲ. ಮಾತು ಕೊಟ್ಟೀನಿ, ಮದುವೆ ಆಗೇ ಆಗ್ತೀನಿ ಅಂದ. ತಿಮ್ಮರಸು ಬುದ್ಧಿವಂತ. ಮೊದಲು ರಾಜಮನೆತನದ ಒಬ್ಬ ಕನ್ಯೆ ಹುಡುಕಿ ಮದುವೆ ಮಾಡಿಸಿದ, ಆಮೇಲೆ ಚಿನ್ನಾದೇವಿಯನ್ನೂ ಮನೆ ತುಂಬಿಸಿಕೊಂಡ್ರು. ಜನರ ಬಾಯಿ ಮುಚ್ಚಿತು, ರಾಜನ ಮಾತೂ ಉಳೀತು. ಆ ಇನ್ನೊಬ್ಬ ರಾಣಿಗೆ ಇದೆಲ್ಲ ಹೇಗನ್ನಿಸ್ತು ಅಂತ ನುನಿಜ್ ಕೇಳಲಿಲ್ಲ. ಚಿನ್ನಾದೇವಿಯನ್ನೂ ಕೇಳಲಿಲ್ಲ.

ಭಾಗ 3

ಇಲ್ಲಿಂದ ನಮ್ಮ ಬಿಕಾಂ ಶುರು.

ಊರು ಕಟ್ಟಿದ್ರೆ ಸಾಕಾ? ಜನ ಬಂದು ಇರಬೇಕಲ್ಲ. ರಾಯ ಮೊದಲು ದೊಡ್ಡ ದೊಡ್ಡ ಸರದಾರರಿಗೆ ಇಲ್ಲಿ ಮನೆ ಕಟ್ಟಿಸ್ರಿ ಅಂದ, ಕಟ್ಟಿಸಿದ್ರು. ಆದ್ರೆ ಸರದಾರರು ಭತ್ತ ಬೆಳೀತಾರಾ? ರೈತರು ಬೇಕು, ರೈತರಿಗೆ ನೀರು ಬೇಕು. ಅದಕ್ಕೇ ಕೆರೆ.

ಸಂಡೂರು ಗುಡ್ಡದ ಕಡೆ ಹೋಗುವಾಗ ಎರಡು ಬೆಟ್ಟದ ನಡುವೆ ಉದ್ದಕ್ಕೆ ದೊಡ್ಡ ಏರಿ ಸಿಗುತ್ತಲ್ಲ, ರಾಯರ ಕೆರೆ, ಇತಿಹಾಸಕಾರರು ಗುರುತಿಸೋದು ಅದನ್ನೇ. ಪಾಯೆಸ್ ಕಣ್ಣಾರೆ ನೋಡಿದಾಗ 15-20 ಸಾವಿರ ಜನ ಕೆಲಸ ಮಾಡ್ತಿದ್ರಂತೆ, ಇರುವೆ ಮುತ್ತಿದಂಗೆ, ಕೆಳಗಿನ ನೆಲಾನೇ ಕಾಣ್ತಿರಲಿಲ್ಲ. ಒಬ್ಬೊಬ್ಬ ಸರದಾರನಿಗೆ ಒಂದೊಂದು ಭಾಗ ಹಂಚಿ, ನಿನ್ನ ಪಾಲು ನೀನು ಮುಗಿಸು ಅಂತ ರಾಜನ ಆರ್ಡರ್. ಜೊವಾವೊ ಡೆಲ್ಲಾ ಪೊಂಟೆ ಅನ್ನೋ ಪೋರ್ಚುಗೀಸ್ ಕಲ್ಲುಗೆಲಸದ ಮೇಸ್ತ್ರಿ ನೆರವನ್ನೂ ತಗೊಂಡಿದ್ರು ಅಂತ ನುನಿಜ್ ಹೇಳ್ತಾನೆ.

ನೀರು ಬಂದ ಮೇಲೆ ನೋಡ್ರಿ ಸ್ಕೀಮು: ಈ ನೀರು ಹರಿಯೋ ಜಮೀನನ್ನ ಯಾರು ಹದ ಮಾಡಿ ಬೇಸಾಯ ಮಾಡ್ತಾರೋ ಅವರಿಗೆ 9 ವರ್ಷ ಕಂದಾಯ ಇಲ್ಲ. ಒಂಬತ್ತು! ನಾವು ಕ್ಲಾಸಲ್ಲಿ ಟ್ಯಾಕ್ಸ್ ಹಾಲಿಡೇ ಅಂತ ಉರು ಹೊಡೀತೀವಲ್ಲ, ಅದೇ ಇದು. ಗುಡ್ಡದ ಬುಡದ ನೆಲ, ಕಲ್ಲು ಎತ್ತಿ ಹಾಕಬೇಕು, ಮಟ್ಟ ಮಾಡಬೇಕು, ಬದು ಹಾಕಬೇಕು, ಕಾಲುವೆ ತೆಗೀಬೇಕು. ಮೊದಲ ಎರಡು ವರ್ಷ ಕೈಗೆ ಏನೂ ಬರಲ್ಲ ಅಂತ ಬೇಸಾಯದ ಮನೆಯೋರಿಗೆ ಗೊತ್ತು. ಬೆಳೆ ಬಂದು, ಸಾಲ ತೀರಿ, ಮನೆ ನಿಂತು, ಆಮೇಲೆ ಕಂದಾಯ ಕೊಡಪ್ಪಾ ಅನ್ನೋದು. ಲಿಂಕನ್ ಕಾಯ್ದೆಯಲ್ಲಿ ಜಮೀನೇ ಸ್ವಂತ ಆಗ್ತಿತ್ತು, ಇಲ್ಲಿ ಮನ್ನಾ ಆಗಿದ್ದು ಕಂದಾಯ ಮಾತ್ರ, ಆ ವ್ಯತ್ಯಾಸ ಮರೀಬಾರದು. ನುನಿಜ್ ಬರೆಯೋ ಹೊತ್ತಿಗೆ ಆ ನೀರಾವರಿ ಜಮೀನಿಂದ ವರ್ಷಕ್ಕೆ 20,000 ಪರ್ದಾವು, ಅಂದ್ರೆ ನಮ್ಮ ವರಹ, ಖಜಾನೆಗೆ ಬರ್ತಿತ್ತು.

ಅದಕ್ಕಿಂತ ದೊಡ್ಡ ಆದಾಯ ಸುಂಕದ್ದು, 45,000. ರಾಜಧಾನಿಗೆ ಹೋಗೋ ಸರಕೆಲ್ಲ ನಾಗಲಾಪುರದ ಮೇಲೇ ಹೋಗಬೇಕಿತ್ತು, ಬೇರೆ ದಾರಿ ಮುಚ್ಚಿದ್ರು. ತಲೆ ಮೇಲೆ ಹೊತ್ತ ಗಂಟಿಗೂ ಸುಂಕ, ಬಾಗಿಲು ದಾಟೋ ಮನುಷ್ಯರಿಗೂ ಸುಂಕ. ಪ್ರೀತಿಯ ಕಾಣಿಕೆ ಅಂತೆ, ನೋಡಿದ್ರೆ ಟೋಲ್ ಗೇಟ್! ಅವನು ಪ್ರೀತಿಸಲಿಲ್ಲ ಅಂತ ನಾನು ಹೇಳ್ತಿಲ್ಲ. ಲೆಕ್ಕಾನೂ ಬರ್ತಿತ್ತು ಅಂತಿದೀನಿ.

ಭಾಗ 4

ಇದನ್ನ ಬಿಟ್ಟು ಮುಂದೆ ಹೋಗೋಕೆ ಮನಸ್ಸಾಗಲಿಲ್ಲ.

ಆ ಕೆರೆ ಏರಿ ಎರಡು ಮೂರು ಸಲ ಒಡೀತು. ಯಾಕೆ ಅಂತ ಕೇಳಿದ್ದಕ್ಕೆ, ದೇವರು ಮುನಿಸಿಕೊಂಡಾನೆ, ರಕ್ತ ಬೇಕು ಅಂದ್ರಂತೆ. 60 ಜನರ ತಲೆ ಕಡಿಸಿದ್ರು, ಜೊತೆಗೆ ಕುದುರೆ, ಕೋಣ. ಇದು ಪಾಯೆಸ್ ಬರೆದಿದ್ದು. ನುನಿಜ್ ಪ್ರಕಾರ ಅವರು ಮರಣದಂಡನೆಗೆ ಅರ್ಹರಾಗಿದ್ದ ಕೈದಿಗಳು. ಹೊರಗಿನವರ ಮಾತು, ಉತ್ಪ್ರೇಕ್ಷೆ ಇರಬಹುದು ಅಂತ ನೀವು ಅನ್ನಬಹುದು. ಆದ್ರೆ ರಾತ್ರಿ ಕದ್ದು ಹೋದ ಕಥೆ ಹೇಳಿದ್ದೂ ಈ ಹೊರಗಿನವರೇ. ಸಿಹಿ ಇದ್ದಿದ್ದನ್ನ ನಂಬಿ ಕಹಿ ಇದ್ದಿದ್ದನ್ನ ಬಿಡೋದು ಸರಿ ಅಲ್ಲ. ಆ ಅರವತ್ತು ಜನರಲ್ಲಿ ಒಬ್ಬರ ಹೆಸರೂ ಎಲ್ಲೂ ಇಲ್ಲ.

ಭಾಗ 5

ಕೊನೇದಾಗಿ, ಹೆಸರಿನ ಜಗಳ.

ನುನಿಜ್ ಹೇಳೋ ಪ್ರೇಯಸಿ ಚಿನ್ನಾದೇವಿ. ಊರು ಮಾತ್ರ ನಾಗಲಾಪುರ. ಅವಳಿಗೋಸ್ಕರ ಕಟ್ಟಿದ್ರೆ ಚಿನ್ನಾದೇವಿಪುರ ಆಗಬೇಕಿತ್ತಲ್ಲ? ಹಂಪಿ ವಿರೂಪಾಕ್ಷ ಗುಡಿಯಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ಸಮಯದ ಶಾಸನ ಐತೆ, ಎಷ್ಟೋ ಸಲ ಅದರ ಪಕ್ಕದಲ್ಲೇ ಸೆಲ್ಫಿ ತಗೊಂಡಿರ್ತೀರಿ. ಅದರಲ್ಲಿ ವಂಶಾವಳಿ ಬರುತ್ತೆ. ನರಸ ನಾಯಕನಿಗೆ ತಿಪ್ಪಾಂಬೆಯಲ್ಲಿ ಹುಟ್ಟಿದವನು ವೀರನರಸಿಂಹ, ನಾಗಲಾದೇವಿಯಲ್ಲಿ ಹುಟ್ಟಿದವನು ಕೃಷ್ಣರಾಯ. ನಾಗಲಾ ಅಂದ್ರೆ ಅವನ ತಾಯಿ! ಅದಕ್ಕೇ ಊರಿಗೆ ಅಮ್ಮನ ಹೆಸರಿಟ್ಟ ಅನ್ನೋ ಇತಿಹಾಸಕಾರರು ಬಹಳ ಜನ.

ಬ್ರಿಟಿಷರ ಕಾಲದ ಗೆಜೆಟಿಯರ್ ಬರೆದೋರು ಎರಡನ್ನೂ ಕಲಸಿ 'ನಾಗಲಾದೇವಿ ಅನ್ನೋ ಗಣಿಕೆ' ಮಾಡಿಬಿಟ್ರು. ಇವತ್ತಿಗೂ ಎಷ್ಟೋ ಕಡೆ ಅದೇ ಓಡ್ತೈತೆ. ಗಣಿಕೆ ಆಗಿದ್ದು ಅವಮಾನ ಅಂತ ನಾನು ಹೇಳ್ತಿಲ್ಲ. ಆದ್ರೆ ಒಬ್ಬಳ ಹೆಸರು, ಇನ್ನೊಬ್ಬಳ ಕಥೆ ಸೇರಿಸಿದ್ರೆ ಇಬ್ಬರೂ ಕಳೆದುಹೋಗ್ತಾರೆ.

ನನ್ನ ತೀರ್ಮಾನ ಕೇಳಿದ್ರೆ: ಹೆಸರು ಅಮ್ಮಂದು, ರಾತ್ರಿ ಕದ್ದು ಹೋಗಿದ್ದು ಚಿನ್ನಾದೇವಿ ಮನೆಗೆ. ಎರಡೂ ನಿಜ ಇರಬಹುದು, ಜಗಳ ಏನಿಲ್ಲ. ಚಿನ್ನಾದೇವಿ ಅಂತೂ ಕಟ್ಟುಕಥೆ ಅಲ್ಲ. 1513ರಲ್ಲಿ ತಿರುಮಲೆಗೆ ಹೋದಾಗ ಅವಳೂ ತಿರುಮಲಾದೇವಿಯೂ ದೇವರಿಗೆ ಚಿನ್ನದ ಬಟ್ಟಲು ಕೊಟ್ಟಿದ್ದು ಶಾಸನದಲ್ಲೈತೆ. ಅಲ್ಲಿ ರಾಯನ ಎಡಬಲಕ್ಕೆ ಕೈಮುಗಿದು ನಿಂತ ಇಬ್ಬರು ರಾಣಿಯರ ಲೋಹದ ವಿಗ್ರಹ ಇವತ್ತೂ ನೋಡಬಹುದು. ತಿರುಪತಿಗೆ ಹೋದ್ರೆ ಲಡ್ಡು ಕ್ಯೂಗೆ ಓಡೋ ಮೊದಲು ಒಮ್ಮೆ ನೋಡಿ ಬರ್ರಿ.

1565ರಲ್ಲಿ ಹಂಪಿ ಹಾಳಾಯ್ತು. ಹೊಸಪೇಟೆ ಉಳೀತು, ಆ ಕಾಲದ ಬಸವಣ್ಣ ಕಾಲುವೆ ಉಳೀತು. ಕಂಪ್ಲಿ ಕಡೆ ವಿಜಯನಗರದ ಕಾಲುವೆ ನೀರಲ್ಲಿ ಇವತ್ತೂ ಭತ್ತ, ಕಬ್ಬು ಬೆಳೀತಾರೆ, ಈಗ ನೀರು ಬರೋದು ಡ್ಯಾಮಿಂದ ಅಷ್ಟೇ. ರಾಯರ ಕೆರೆಯಲ್ಲೇ ನೀರಿಲ್ಲ.

ನಿಮ್ಮ ಮನೇಲಿ ಅಜ್ಜ-ಅಜ್ಜಿ ಯಾರಾದ್ರೂ ನಾಗಲಾಪುರ ಅನ್ನೋ ಹೆಸರು ಬಳಸಿದ್ದು ಕೇಳೀರಾ? ಕಾಮೆಂಟಲ್ಲಿ ಹೇಳ್ರಿ. ಮುಂದಿನ ಪೋಸ್ಟು ಅನಂತಶಯನಗುಡಿ ಮೇಲೆ: 1524ರಲ್ಲಿ ಅಷ್ಟು ದೊಡ್ಡ ಗುಡಿ ಕಟ್ಟಿದ್ರು, ಒಳಗೆ ಮಲಗಬೇಕಿದ್ದ ದೇವರು ಮಾತ್ರ ಈಗ ಇಲ್ಲ.